ನಾಯಿಯ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಯಾರು ಕೊಡುತ್ತಾರೆ?

(ಮೈಸೂರಿನಲ್ಲಿ ನಾಯಿ ಸಾಕುವವರ ಸಭೆಯೊಂದರಲ್ಲಿ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಸಂಘಟಕರು ನನಗೆ ಕೊಟ್ಟ ವಿಷಯ ‘ನಾಯಿಗಳಲ್ಲಿ ಕ್ಯಾನ್ಸರ್’ ಎಂದು. ಲಕ್ಷಣಗಳು ಯಾವುವು, ಯಾವಾಗ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂಬುದನ್ನೆಲ್ಲ ನಿಮ್ಮ ನಾಯಿಯನ್ನು ಕೈಯಾರೆ ಮುಟ್ಟಿ ನೋಡುವ ವೈದ್ಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ರೋಗಶಾಸ್ತ್ರದವನು. ನಾಯಿಗಿಂತ ನಾಯಿಯ ಗಡ್ಡೆಯ ಚೂರಿನ ಜೊತೆಗೇ ನನ್ನ ಒಡನಾಟ ಹೆಚ್ಚು. ಆದ್ದರಿಂದ ಇಂಥ ಸಭೆಗಳಲ್ಲಿ ಎಲ್ಲರೂ ಸಂಕೋಚಪಟ್ಟು ಬದಿಗಿಡುವ ಸಂಗತಿಯೊಂದನ್ನು ಎತ್ತಿಕೊಳ್ಳುತ್ತೇನೆ. ಅದು ದುಡ್ಡಿನ ಸಂಗತಿ. ನಾಯಿಗೆ ಕ್ಯಾನ್ಸರ್ ಬಂದರೆ ಚಿಕಿತ್ಸೆಯ ಖರ್ಚು ಎಲ್ಲಿಂದ ಬರುತ್ತದೆ ಎಂಬುದು ನಿಮಗೆ ಗೊತ್ತು, ನಿಮ್ಮ ಜೇಬಿನಿಂದ. ಆದರೆ ಆ ಚಿಕಿತ್ಸೆಯನ್ನು ಕಂಡುಹಿಡಿಯಲು ಬೇಕಾದ ಹಣ ಎಲ್ಲಿಂದ ಬಂತು?

ರೋಗವೇನೂ ಅಪರೂಪದ್ದಲ್ಲ. ಅಮೆರಿಕದ ಪಶುವೈದ್ಯರ ಲೆಕ್ಕದಲ್ಲಿ ನಾಲ್ಕು ನಾಯಿಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಯಾವಾಗಲಾದರೊಮ್ಮೆ ಗಡ್ಡೆ ಕಾಣಿಸಿಕೊಳ್ಳುತ್ತದೆ. ಹತ್ತು ವರ್ಷ ದಾಟಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕ್ಯಾನ್ಸರ್ ಬರುತ್ತದೆ. ಆ ದೇಶವೊಂದರಲ್ಲೇ ವರ್ಷಕ್ಕೆ ಸುಮಾರು 60 ಲಕ್ಷ ನಾಯಿಗಳಲ್ಲಿ ಕ್ಯಾನ್ಸರ್ ಪತ್ತೆಯಾಗುತ್ತದೆ ಎಂಬ ಅಂದಾಜಿದೆ. ಇಷ್ಟಿದ್ದರೂ ಸರ್ಕಾರಗಳ ಹಣ ಮನುಷ್ಯರ ಕಾಯಿಲೆಗೆ ಹೋಗುತ್ತದೆ, ಹೋಗಲೂ ಬೇಕು. ಔಷಧ ಕಂಪನಿಗಳು ಮಾರುಕಟ್ಟೆ ಎಷ್ಟಿದೆ ಎಂದು ನೋಡಿಯೇ ಕೈಹಾಕುತ್ತವೆ. ಅಮೆರಿಕದಲ್ಲಿ ನಾಯಿಯ ಕ್ಯಾನ್ಸರಿಗೆಂದೇ ತಯಾರಾದ ಮೊದಲ ಔಷಧಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ, ಚರ್ಮದ ಮಾಸ್ಟ್ ಸೆಲ್ ಗಡ್ಡೆಗೆ ಕೊಡುವ ಟೊಸೆರಾನಿಬ್ ಎಂಬ ಗುಳಿಗೆಗೆ. ಅಲ್ಲಿಯವರೆಗೆ ನಾಯಿಗೆ ಕೊಟ್ಟದ್ದೆಲ್ಲ ಮನುಷ್ಯರ ಔಷಧಗಳೇ. ಹೀಗೆ ಸರ್ಕಾರವೂ ಕಂಪನಿಯೂ ಬಿಟ್ಟ ಜಾಗದಲ್ಲಿ ಉಳಿಯುವವರು ನಾಯಿ ಸಾಕುವವರು, ಅಂದರೆ ನೀವು.

ಈ ಬಗೆಯ ಹಣಸಂಗ್ರಹಕ್ಕೆ ಒಂದು ಹಳೆಯ ಕಥೆಯಿದೆ. ಅದು ಶುರುವಾಗುವುದು ಕ್ಯಾನ್ಸರಿನಿಂದಲ್ಲ, ಮೂತ್ರಪಿಂಡದಿಂದ. ಅಮೆರಿಕದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತರಬೇತಿಗೊಳಿಸುವ ‘ಸೀಯಿಂಗ್ ಐ’ ಸಂಸ್ಥೆಯನ್ನು 1929ರಲ್ಲಿ ಕಟ್ಟಿದವರಲ್ಲಿ ಮಾರಿಸ್ ಫ್ರಾಂಕ್ ಒಬ್ಬರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ತಮ್ಮ ನಾಯಿಗಳಿಗೆಲ್ಲ ಅವರು ಇಡುತ್ತಿದ್ದುದು ಒಂದೇ ಹೆಸರು, ಬಡ್ಡಿ. 1939ರಲ್ಲಿ ಬಡ್ಡಿಯ ಮೂತ್ರಪಿಂಡ ಕೆಟ್ಟಿತು. ಫ್ರಾಂಕ್ ಅದನ್ನು ನ್ಯೂಜೆರ್ಸಿಯ ಪಶುವೈದ್ಯ ಮಾರ್ಕ್ ಮಾರಿಸ್ ಬಳಿಗೆ ಕರೆದೊಯ್ದರು. ಡಾಕ್ಟರ್ ಮಾರಿಸ್ ಪ್ರೋಟೀನು, ಉಪ್ಪು ಕಡಿಮೆ ಇರುವ ಒಂದು ಪಥ್ಯದ ಆಹಾರ ತಯಾರಿಸಿದರು. ಅದನ್ನು ಗಾಜಿನ ಜಾಡಿಗಳಲ್ಲಿ ತುಂಬಿ ಕಳುಹಿಸಿದರೆ ದಾರಿಯಲ್ಲೇ ಒಡೆಯುತ್ತಿದ್ದವು. ಆಮೇಲೆ ಕೈಯಲ್ಲಿ ತಿರುಗಿಸುವ ಯಂತ್ರವೊಂದರಿಂದ ತಗಡಿನ ಡಬ್ಬಿಗೆ ತುಂಬತೊಡಗಿದರು. ನಾಯಿ ಚೇತರಿಸಿಕೊಂಡಿತು, ಬೇಡಿಕೆ ಬೆಳೆಯಿತು. 1948ರಲ್ಲಿ ಕಾನ್ಸಾಸ್‌ನ ಹಿಲ್ ಪ್ಯಾಕಿಂಗ್ ಕಂಪನಿ ಅದನ್ನು ತಯಾರಿಸಿ ಮಾರುವ ಹಕ್ಕು ಪಡೆಯಿತು. ಡಬ್ಬಿಗಳ ಮಾರಾಟದಿಂದ ತಮಗೆ ಬರುವ ರಾಯಧನವನ್ನು ಪ್ರಾಣಿಗಳ ಆರೋಗ್ಯ ಸಂಶೋಧನೆಗೆ ಮೀಸಲಿಡಲು ಮಾರಿಸ್ ಅದೇ ವರ್ಷ ಒಂದು ಪ್ರತಿಷ್ಠಾನ ತೆರೆದರು. ಇವತ್ತು ಡೆನ್ವರ್‌ನಲ್ಲಿರುವ ಮಾರಿಸ್ ಅನಿಮಲ್ ಫೌಂಡೇಶನ್ ಹುಟ್ಟಿದ್ದು ಹೀಗೆ.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಡಬ್ಬಿ ಮಾರಾಟವಾದಷ್ಟು ದಿನ ದುಡ್ಡು ಬರುತ್ತದೆ. ಯಾರ ಕಣ್ಣೀರಿಗೂ ಕಾಯಬೇಕಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗಬೇಕಿಲ್ಲ. ಸಂಶೋಧನೆಗೆ ಬೇಕಿರುವುದು ಇಂಥ ಹಣವೇ. ನಿಧಾನವಾದ ಹಣ, ಇವತ್ತು ಕೊಟ್ಟು ಹತ್ತು ವರ್ಷ ಸುಮ್ಮನೆ ಕಾಯುವ ಹಣ. ಆದರೆ ನಾಯಿಯ ಕ್ಯಾನ್ಸರಿಗೆ ಬರುವ ಹಣದ ಬಹುಪಾಲು ಹುಟ್ಟುವುದು ದುಃಖದಿಂದ. ಮನೆಯ ನಾಯಿ ಸತ್ತ ವಾರ ಬರುತ್ತದೆ, ಮುಂದಿನ ವರ್ಷ ಬರುವುದಿಲ್ಲ. ನಾನು ದುಃಖವನ್ನು ಹಗುರವಾಗಿ ಕಾಣುತ್ತಿಲ್ಲ. ಆ ಹಣಕ್ಕೆ ಅವಸರ ಇರುತ್ತದೆ, ಪ್ರಯೋಗಾಲಯಕ್ಕೆ ಅವಸರ ಆಗಿಬರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಎರಡೂ ಬಗೆಯ ಹಣ ಹೇಗೆ ಕೆಲಸ ಮಾಡುತ್ತದೆ ನೋಡಿ. ದುಃಖದ ಹಣಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ಉದಾಹರಣೆ ಲೂಕ್ ರಾಬಿನ್ಸನ್. ಟೆಕ್ಸಾಸ್‌ನವರು. ಅವರ ಬಳಿ ಮಾಲ್ಕಮ್ ಎಂಬ ಗ್ರೇಟ್ ಪಿರನೀಸ್ ನಾಯಿಯಿತ್ತು. ಕುರಿಮಂದೆ ಕಾಯುವ, ಮೈತುಂಬ ಬಿಳಿ ಕೂದಲಿನ ದೊಡ್ಡ ತಳಿ ಅದು. ಮಾಲ್ಕಮ್‌ಗೆ ಮೂಳೆಯ ಕ್ಯಾನ್ಸರ್ ಬಂತು, ಅದರಲ್ಲೇ ಸತ್ತಿತು. ರಾಬಿನ್ಸನ್ ಹಡ್ಸನ್, ಮರ್ಫಿ ಎಂಬ ಅದೇ ತಳಿಯ ಇನ್ನೆರಡು ನಾಯಿಗಳನ್ನು ಕಟ್ಟಿಕೊಂಡು 2008ರ ಮಾರ್ಚಿನಲ್ಲಿ ಆಸ್ಟಿನ್‌ನಿಂದ ನಡೆಯಲು ಶುರುಮಾಡಿದರು, ಬಾಸ್ಟನ್ ಕಡೆಗೆ. ಎರಡು ಸಾವಿರ ಮೈಲಿಗೂ ಮಿಕ್ಕಿದ ದಾರಿ. ಊರೂರಿನಲ್ಲಿ ನಿಂತು, ನಾಯಿಗೆ ಕ್ಯಾನ್ಸರ್ ಯಾಕೆ ಬರುತ್ತದೆ ಎಂದು ನಮಗಿನ್ನೂ ಗೊತ್ತಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತ ಹೋದರು. ಬಾಸ್ಟನ್ ತಲುಪಿದ್ದು 2010ರ ಜೂನ್‌ನಲ್ಲಿ. ನಮ್ಮಲ್ಲಿ ಹರಕೆ ಹೊತ್ತವರು ಧರ್ಮಸ್ಥಳಕ್ಕೋ ಪಂಢರಪುರಕ್ಕೋ ನಡೆಯುವುದನ್ನು ನೋಡಿದ್ದೀರಿ. ಇವರ ನಡಿಗೆಗೆ ದೇವರಿರಲಿಲ್ಲ, ಪ್ರಶ್ನೆಯೊಂದಿತ್ತು.

ರಾಬಿನ್ಸನ್ ಮಾಡಿದ ಜಾಣತನ ನಡೆದದ್ದರಲ್ಲಿಲ್ಲ. ನಡಿಗೆ ಮುಗಿದ ಮೇಲೆ ಮನೆಗೆ ಹೋಗಿ ಕೂರಲಿಲ್ಲ ಎಂಬುದರಲ್ಲಿದೆ. ದಾರಿಯಲ್ಲಿ ಸಿಕ್ಕ ಜನರನ್ನೇ ಕೂಡಿಸಿ ಒಂದು ಪ್ರತಿಷ್ಠಾನ ಕಟ್ಟಿದರು. ಈಗ ಅದರ ಹೆಸರು ಪಪ್ಪಿ ಅಪ್ ಫೌಂಡೇಶನ್. ಅಮೆರಿಕದ ಹಲವು ಊರುಗಳಲ್ಲಿ ಜನ ತಮ್ಮ ನಾಯಿಗಳ ಜೊತೆ ಒಂದೆರಡು ಮೈಲಿ ನಡೆಯುತ್ತಾರೆ, ಹಣ ಕೂಡಿಸುತ್ತಾರೆ. ಒಬ್ಬರ ದುಃಖ ಆರಿದ ಹೊತ್ತಿಗೆ ಇನ್ನೊಬ್ಬರು ಬಂದು ಸೇರಿರುತ್ತಾರೆ. ಆ ಪ್ರತಿಷ್ಠಾನ ಹಣ ಕೊಡುವುದು ನಾಯಿಗೂ ಮನುಷ್ಯರಿಗೂ ಬರುವ ಕ್ಯಾನ್ಸರುಗಳನ್ನು ಜೊತೆಗಿಟ್ಟು ನೋಡುವ ಸಂಶೋಧನೆಗೆ. ಇಷ್ಟೆಲ್ಲ ಆದ ಮೇಲೆ ಅವರ ಜೊತೆ ನಡೆದ ಎರಡು ನಾಯಿಗಳಲ್ಲಿ ಒಂದಾದ ಮರ್ಫಿಗೂ ಮೂಗಿನ ಕ್ಯಾನ್ಸರ್ ಬಂತು. ಈ ರೋಗ ಹಾಗೆ, ಅದಕ್ಕೆ ನಿಮ್ಮ ಪುಣ್ಯದ ಲೆಕ್ಕ ಬೇಕಿಲ್ಲ.

ಇನ್ನು ನಿಧಾನದ ಹಣ. ಮಾರಿಸ್ ಫೌಂಡೇಶನ್ 2012ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಎಳೆಯ ವಯಸ್ಸಿನಿಂದ ಸಾವಿನವರೆಗೆ ಹಿಂಬಾಲಿಸುವ ಅಧ್ಯಯನವೊಂದನ್ನು ಆರಂಭಿಸಿತು. 2015ರ ಹೊತ್ತಿಗೆ 3,044 ನಾಯಿಗಳು ಸೇರಿದವು. ಸೇರುವಾಗ ನಾಯಿಗೆ ಎರಡು ವರ್ಷ ತುಂಬಿರಬಾರದು, ಮೂರು ತಲೆಮಾರಿನ ವಂಶಾವಳಿ ಗೊತ್ತಿರಬೇಕು. ಅಂದಾಜು ವೆಚ್ಚ 3 ಕೋಟಿ 20 ಲಕ್ಷ ಡಾಲರ್, ಇವತ್ತಿನ ದರದಲ್ಲಿ 250 ಕೋಟಿ ರೂಪಾಯಿಗೂ ಮೀರುತ್ತದೆ. ಗೋಲ್ಡನ್ ರಿಟ್ರೀವರ್ ಯಾಕೆ ಎಂದರೆ ಆ ತಳಿಯಲ್ಲಿ ಕ್ಯಾನ್ಸರಿನ ಕಾಟ ವಿಪರೀತ, ಸಾಕುವವರು ಬಹಳ ಮಂದಿ, ಅವರ ಪ್ರೀತಿಯೂ ಸ್ವಲ್ಪ ವಿಪರೀತವೇ. ನಿಮ್ಮಲ್ಲಿ ಮೂರ್ನಾಲ್ಕು ಜನ ನಗುತ್ತಿದ್ದೀರಿ, ಯಾಕೆಂದು ಊಹಿಸಬಲ್ಲೆ.

ಆ ಹಣದಿಂದ ಏನು ಕೊಂಡರು? ಔಷಧವನ್ನಲ್ಲ. ಪ್ರತಿ ವರ್ಷ ಪ್ರತಿ ನಾಯಿಯ ರಕ್ತ, ಮೂತ್ರ, ಮಲ, ಕೂದಲು, ಉಗುರಿನ ತುಣುಕು ಸಂಗ್ರಹಿಸಿ ಮೈನಸ್ ಎಷ್ಟೋ ಡಿಗ್ರಿಯ ಶೀತಕಗಳಲ್ಲಿ ಇಟ್ಟರು. ಮಾಲೀಕರು ಉದ್ದುದ್ದದ ಪ್ರಶ್ನಾವಳಿ ತುಂಬಿದರು. ನಾಯಿ ಎಲ್ಲಿ ಮಲಗುತ್ತದೆ, ಕುಡಿಯುವ ನೀರು ನಲ್ಲಿಯದೋ ಬಾವಿಯದೋ, ಅಂಗಳದ ಹುಲ್ಲಿಗೆ ಕಳೆನಾಶಕ ಹೊಡೆಯುತ್ತೀರಾ, ಎಷ್ಟು ಸಲ ಈಜುತ್ತದೆ, ಯಾವ ಊಟ ಹಾಕುತ್ತೀರಿ. ಆಮೇಲೆ ಕಾದರು. ನಾಲ್ಕು ಬಗೆಯ ಕ್ಯಾನ್ಸರುಗಳ ಮೇಲೆ ಕಣ್ಣಿಟ್ಟಿದ್ದರು: ಹೆಮಾಂಜಿಯೋಸಾರ್ಕೋಮ, ದುಗ್ಧಗ್ರಂಥಿಗಳ ಲಿಂಫೋಮ, ಮೂಳೆಯ ಆಸ್ಟಿಯೋಸಾರ್ಕೋಮ, ಉಗ್ರ ಸ್ವರೂಪದ ಮಾಸ್ಟ್ ಸೆಲ್ ಗಡ್ಡೆ. ಹೆಚ್ಚು ಸಿಕ್ಕಿದ್ದು ಮೊದಲನೆಯದು. ಅದು ರಕ್ತನಾಳದ ಗೋಡೆಯ ಕ್ಯಾನ್ಸರ್, ಸಾಮಾನ್ಯವಾಗಿ ರಕ್ತ ಸೋಸುವ ಅಂಗವಾದ ಗುಲ್ಮದಲ್ಲಿ (ಸ್ಪ್ಲೀನ್) ಬೆಳೆಯುತ್ತದೆ. ಬೆಳಿಗ್ಗೆ ಚೆಂಡು ಹಿಡಿದು ಓಡಾಡಿದ ನಾಯಿ ಸಂಜೆ ಒಸಡು ಬೆಳ್ಳಗಾಗಿ ಕುಸಿಯುತ್ತದೆ, ಒಳಗೆ ಗಡ್ಡೆ ಒಡೆದಿರುತ್ತದೆ. ಗುಲ್ಮವನ್ನು ತೆಗೆದುಹಾಕಿದರೂ ಹೆಚ್ಚಿನವು ಕೆಲವೇ ತಿಂಗಳು ಬದುಕುತ್ತವೆ. ಗಡ್ಡೆ ಒಡೆಯುವ ಮುಂಚಿನ ಎರಡು ಮೂರು ವರ್ಷಗಳಲ್ಲಿ ಅದೇ ನಾಯಿಯ ರಕ್ತದಲ್ಲಿ ಏನು ನಡೆಯುತ್ತಿತ್ತು ಎಂದು ಹಿಂದಕ್ಕೆ ಹೋಗಿ ನೋಡಬೇಕಾದರೆ, ಆ ರಕ್ತವನ್ನು ಯಾರಾದರೂ ಆಗಲೇ ತೆಗೆದು ಇಟ್ಟಿರಬೇಕು. ಆರೋಗ್ಯವಾಗಿರುವ ನಾಯಿಯ ರಕ್ತ ತೆಗೆದಿಡಲು ದುಃಖದ ಹಣ ಸಿಗುವುದಿಲ್ಲ. ಅದಕ್ಕೆ ಕಾಯುವ ಹಣವೇ ಬೇಕು.

ಅಂಥ ಸಂಗ್ರಹದಿಂದ ಕೇಳದೇ ಇದ್ದ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಆರು ತಿಂಗಳು ತುಂಬುವ ಮೊದಲೇ ಸಂತಾನಹರಣ ಮಾಡಿಸಿದ ಗೋಲ್ಡನ್‌ಗಳಲ್ಲಿ ಕೀಲು, ಅಸ್ಥಿರಜ್ಜುಗಳ ತೊಂದರೆ ಹೆಚ್ಚು ಎಂದು 2019ರಲ್ಲಿ ಇದೇ ಮಾಹಿತಿಯಿಂದ ತಿಳಿಯಿತು. ಕ್ಯಾನ್ಸರಿಗೆಂದು ಕೊಟ್ಟ ದುಡ್ಡು ಮೊಣಕಾಲಿಗೂ ಉಪಯೋಗವಾಯಿತು. ಒಂದು ಮಾತು ಹೇಳಲೇಬೇಕು: ಈ ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ನಾಯಿಯ ಆಹಾರ ತಯಾರಿಸುವ ಕಂಪನಿಯೂ ಇದೆ. ಆಹಾರವೂ ರೋಗಕ್ಕೆ ಕಾರಣವೇ ಎಂದು ಕೇಳುವ ಅಧ್ಯಯನಕ್ಕೆ ಆಹಾರದ ಕಂಪನಿಯ ಹಣ! ಅದರಿಂದ ಫಲಿತಾಂಶ ಕೆಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ದೇಣಿಗೆ ಕೊಡುವ ಮುನ್ನ ಇನ್ನಾರು ಕೊಟ್ಟಿದ್ದಾರೆ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಇಲ್ಲಿಗೆ ಸಾಮಾನ್ಯವಾಗಿ ಒಬ್ಬರು ಎದ್ದು ನಿಂತು, “ಮನುಷ್ಯರಿಗೇ ಔಷಧವಿಲ್ಲ, ಕಿದ್ವಾಯಿ ಆಸ್ಪತ್ರೆಯ ಮುಂದೆ ಜನ ಮರದ ಕೆಳಗೆ ಮಲಗಿರುತ್ತಾರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ?” ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಣ ಸಂಗ್ರಹಿಸುವವರ ಬಳಿ ಇದಕ್ಕೊಂದು ಸಿದ್ಧ ಉತ್ತರವಿದೆ, ಅದರಲ್ಲಿ ನಿಜವೂ ಇದೆ. ಮೂಳೆಯ ಆಸ್ಟಿಯೋಸಾರ್ಕೋಮ ಹದಿಹರೆಯದ ಮಕ್ಕಳಿಗೆ ಬರುವ ಕ್ಯಾನ್ಸರ್. ಅಮೆರಿಕದಲ್ಲಿ ವರ್ಷಕ್ಕೆ ಅದರ ಹೊಸ ರೋಗಿಗಳು ಸಾವಿರದೊಳಗೆ. ಅದೇ ಕ್ಯಾನ್ಸರ್ ನಾಯಿಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಗ್ರೇಟ್ ಡೇನ್, ರಾಟ್‌ವೀಲರ್‌ನಂಥ ದೊಡ್ಡ ತಳಿಗಳ ಕಾಲಿನಲ್ಲಿ ಅದು ಬರುವ ರೀತಿ, ಶ್ವಾಸಕೋಶಕ್ಕೆ ಹರಡುವ ರೀತಿ ಎರಡೂ ಮಕ್ಕಳಲ್ಲಿ ಇರುವಂತೆಯೇ. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನ ಗ್ರೆಗರಿ ಮ್ಯಾಕ್‌ಇವನ್ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧವೊಂದನ್ನು ಕಾಲು ತೆಗೆದ ನಾಯಿಗಳಿಗೆ ಕೊಟ್ಟು ನೋಡಿದರು. ಕೊಡದ ನಾಯಿಗಳಲ್ಲಿ ಅರ್ಧದಷ್ಟು 77 ದಿನದೊಳಗೆ ಸತ್ತರೆ, ಕೊಟ್ಟವುಗಳಲ್ಲಿ ಆ ಅವಧಿ 222 ದಿನಕ್ಕೆ ಏರಿತು. ಮಿಫಾಮುರ್ಟೈಡ್ ಎಂಬ ಆ ಔಷಧಕ್ಕೆ ಮಕ್ಕಳ ಚಿಕಿತ್ಸೆಗಾಗಿ ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಸಿಗಲಿಲ್ಲ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ವಿತ್ರೋ ಮತ್ತು ಅವರ ಸಂಗಡಿಗರು ನಾಯಿಯ ಕಾಲನ್ನು ಕತ್ತರಿಸದೆ ಗಡ್ಡೆಯಿರುವ ಮೂಳೆಯನ್ನಷ್ಟೇ ತೆಗೆದು ಕಾಲು ಉಳಿಸುವ ಶಸ್ತ್ರಚಿಕಿತ್ಸೆಯನ್ನು ಪಳಗಿಸಿದರು. ಆ ಅನುಭವ ಮಕ್ಕಳ ಶಸ್ತ್ರಚಿಕಿತ್ಸೆಗೂ ನೆರವಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ನಾಯಿಯ ಮತ್ತು ಮನುಷ್ಯರ ಕ್ಯಾನ್ಸರನ್ನು ಜೊತೆಗಿಟ್ಟು ನೋಡಲೆಂದೇ ಒಂದು ಕಾರ್ಯಕ್ರಮ ತೆರೆದದ್ದೂ ಈ ಕಾರಣಕ್ಕೇ.

ಇಷ್ಟು ನಿಜ. ಆದರೂ ಈ ಉತ್ತರವನ್ನು ಎಲ್ಲ ಕರಪತ್ರಗಳ ಮೇಲೆ ಅಚ್ಚುಹಾಕಿಸುವುದು ನನಗೆ ಹಿಡಿಸುವುದಿಲ್ಲ. “ನಾಯಿಗೆ ಕೊಡಿ, ಮಗು ಉಳಿಯುತ್ತದೆ” ಎಂದು ಕೇಳಿ ಪಡೆದ ಹಣ ಮಗುವಿಗೆ ಉಪಯೋಗವಾಗದ ಸಂಶೋಧನೆಗೆ ಹೋದ ದಿನ ಕೊಟ್ಟವರಿಗೆ ಮೋಸಹೋದಂತೆ ಅನ್ನಿಸುತ್ತದೆ. ನಾಯಿಗೆ ನೋವಾಗುತ್ತದೆ, ಆ ನೋವು ಮೂಳೆಯಲ್ಲಿದ್ದರೆ ರಾತ್ರಿಯಿಡೀ ಅದು ಮಗ್ಗುಲು ಬದಲಿಸುತ್ತದೆ, ನೀವು ನೋಡಿದ್ದೀರಿ. ಕೊಡಲು ಅಷ್ಟು ಕಾರಣ ಸಾಕಾಗದವರು ಕೊಡದಿದ್ದರೂ ಪರವಾಗಿಲ್ಲ. ಕಿದ್ವಾಯಿಗೆ ಕೊಡಲಿ, ಅದೂ ಒಳ್ಳೆಯದೇ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಕ್ಯಾನ್ಸರ್ ಸಂಶೋಧನೆಗೆ ನಾಯಿಯ ಕೊಡುಗೆ ಎಂದಾಗಲೆಲ್ಲ ನಾವು ಅಮೆರಿಕದ ತಳಿ ನಾಯಿಗಳನ್ನೇ ನೆನೆಯುತ್ತೇವೆ. ಆದರೆ ಗಡ್ಡೆಯೊಂದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಕಸಿ ಮಾಡಿ ಬೆಳೆಸಿದ ಮೊದಲ ಪ್ರಯೋಗ ನಡೆದದ್ದು 1876ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಮಾಡಿದವರು ನೊವಿನ್‌ಸ್ಕಿ ಎಂಬ ಪಶುವೈದ್ಯರು. ಅವರು ಬಳಸಿದ್ದು ನಾಯಿಗಳ ಜನನಾಂಗದಲ್ಲಿ ಬರುವ ಗಡ್ಡೆ. ನಮ್ಮ ಬೀದಿನಾಯಿಗಳಲ್ಲಿ ನೀವು ನೋಡಿರುವ, ಹೂಕೋಸಿನ ಹಾಗೆ ಕೆಂಪಗೆ ಬಿರಿದು ರಕ್ತ ಜಿನುಗುವ ಗಡ್ಡೆಯೇ ಅದು, ನಾವು ಟಿವಿಟಿ ಎನ್ನುತ್ತೇವೆ. ಅದರ ವಿಚಿತ್ರವೆಂದರೆ ಅದು ವೈರಸ್ಸಿನಿಂದ ಹರಡುವುದಿಲ್ಲ, ಕ್ಯಾನ್ಸರಿನ ಜೀವಕೋಶವೇ ಕೂಡುವಿಕೆಯಲ್ಲಿ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತದೆ. 43 ದೇಶಗಳ 546 ಗಡ್ಡೆಗಳ ವಂಶವಾಹಿಯನ್ನು ಓದಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವೆಲ್ಲವೂ 4,000ದಿಂದ 8,500 ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ಒಂದು ನಾಯಿಯ ಗಡ್ಡೆಯ ಸಂತತಿ. ನಾಯಿ ಸತ್ತು ಸಾವಿರಾರು ವರ್ಷ ಕಳೆದರೂ ಅದರ ಕ್ಯಾನ್ಸರ್ ಬೆಂಗಳೂರಿನ ಬೀದಿಯಲ್ಲಿ ಬದುಕಿದೆ.

ಇದಕ್ಕೆ ಔಷಧ ವಿನ್‌ಕ್ರಿಸ್ಟೀನ್. ವಾರಕ್ಕೊಂದು ಸೂಜಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ರಕ್ತನಾಳಕ್ಕೇ ಕೊಡಬೇಕು, ಒಂದು ಹನಿ ಹೊರಗೆ ಸೋರಿದರೂ ಆ ಜಾಗದ ಮಾಂಸ ಕೊಳೆಯುತ್ತದೆ, ಹಾಗಾಗಿ ಹಿಡಿದುಕೊಳ್ಳುವವರ ಕೈ ಗಟ್ಟಿಯಿರಬೇಕು. ಬಹಳಷ್ಟು ನಾಯಿಗಳು ಪೂರ್ತಿ ಗುಣವಾಗುತ್ತವೆ. ಆ ಔಷಧ ಬರುವುದು ಎಲ್ಲಿಂದ ಗೊತ್ತೇ? ನಿಮ್ಮ ಮನೆಯ ಗೇಟಿನ ಪಕ್ಕದಲ್ಲಿ ನೀರು ಹಾಕದಿದ್ದರೂ ಹೂಬಿಡುವ ನಿತ್ಯಪುಷ್ಪದ ಗಿಡದಿಂದ. ಮಕ್ಕಳ ರಕ್ತದ ಕ್ಯಾನ್ಸರಿಗೆಂದು 1963ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಔಷಧವನ್ನು ನಾಯಿ ಈಗಲೂ ಎರವಲು ಪಡೆಯುತ್ತಿದೆ. ಟಿವಿಟಿಗೆ ಯಾರೂ ನಡಿಗೆ ನಡೆಯಲಿಲ್ಲ, ಯಾರೂ ಪ್ರತಿಷ್ಠಾನ ಕಟ್ಟಲಿಲ್ಲ. ಒಡೆಯರಿಲ್ಲದ ನಾಯಿಯ ಹೆಸರಿನಲ್ಲಿ ಹಣ ಎತ್ತುವುದು ಕಷ್ಟ. ಹಣ ಕೊಡುವವರ ಮನೆಯಲ್ಲಿ ಯಾವ ತಳಿ ಇದೆಯೋ ಆ ತಳಿಯ ಕಾಯಿಲೆಗೇ ಸಂಶೋಧನೆ ನಡೆಯುತ್ತದೆ, ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಹಣ ಹೋಗದ ಇನ್ನೊಂದು ದಿಕ್ಕಿದೆ: ಹಳೆಯದನ್ನು ಪುನಃ ಪರೀಕ್ಷಿಸುವುದು. ಹೆಣ್ಣು ನಾಯಿಗೆ ಮೊದಲ ಬೆದೆಗೆ ಮುಂಚೆ ಸಂತಾನಹರಣ ಮಾಡಿಸಿದರೆ ಸ್ತನದ ಗಡ್ಡೆಯ ಅಪಾಯ ಮಾಡಿಸದ ನಾಯಿಗಿರುವ ಅಪಾಯದ ಶೇಕಡ 0.5ರಷ್ಟು ಮಾತ್ರ, ಒಂದು ಬೆದೆಯಾದ ಮೇಲೆ ಶೇಕಡ 8ರಷ್ಟು, ಎರಡಾದ ಮೇಲೆ 26ರಷ್ಟು ಎಂದು ನಿಮ್ಮ ವೈದ್ಯರು ಹೇಳಿರಬಹುದು. ನಾನೂ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಟ್ಟವನೇ. ಆ ಅಂಕಿಗಳು ಬಂದದ್ದು 1969ರ ಒಂದು ಅಧ್ಯಯನದಿಂದ. ಲಭ್ಯವಿರುವ ಎಲ್ಲ ಅಧ್ಯಯನಗಳನ್ನೂ ಕಲೆಹಾಕಿ ನೋಡಿದ 2012ರ ವಿಮರ್ಶೆಯೊಂದು ಈ ಮಾತಿಗಿರುವ ಆಧಾರ ದುರ್ಬಲ ಎಂದಿತು. ಸುಳ್ಳು ಎನ್ನಲಿಲ್ಲ, ಸಾಕಷ್ಟು ಪುರಾವೆಯಿಲ್ಲ ಎಂದಿತು. ನಮ್ಮ ದೇಶದಲ್ಲಿ ಸಂತಾನಹರಣ ಮಾಡಿಸದ ಹೆಣ್ಣು ನಾಯಿಗಳೇ ಹೆಚ್ಚು, ಸ್ತನದ ಗಡ್ಡೆಯೂ ಚಿಕಿತ್ಸಾಲಯಗಳಲ್ಲಿ ತೀರಾ ಸಾಮಾನ್ಯ. ಈ ಪ್ರಶ್ನೆಯನ್ನು ಚೆನ್ನಾಗಿ ಇತ್ಯರ್ಥ ಮಾಡಲು ಭಾರತಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಆದರೆ “ನಿಮಗೆ ಈಗಾಗಲೇ ಗೊತ್ತಿರುವುದನ್ನು ಇನ್ನೊಮ್ಮೆ ನೋಡುತ್ತೇವೆ, ಹಣ ಕೊಡಿ” ಎಂದರೆ ಯಾರು ಕೊಡುತ್ತಾರೆ? ಹೊಸ ಲಸಿಕೆಗೆ ಕೊಡುತ್ತಾರೆ. ಅಮೆರಿಕದ ಮೂರು ವಿಶ್ವವಿದ್ಯಾಲಯಗಳಲ್ಲಿ 800 ನಾಯಿಗಳ ಮೇಲೆ ಕ್ಯಾನ್ಸರ್ ತಡೆಯುವ ಲಸಿಕೆಯ ಪರೀಕ್ಷೆ 2019ರಲ್ಲಿ ಶುರುವಾದಾಗ ಒಂದೇ ದಾನಸಂಸ್ಥೆ 64 ಲಕ್ಷ ಡಾಲರ್ ಕೊಟ್ಟಿತು. ಕೈಗೂಡದೆ ಹೋಗುವ ಸಂಭವವಿರುವ ಕೆಲಸಕ್ಕೆ ತಿಳಿದೇ ಕೊಡುವ ದೊಡ್ಡ ದಾನಿಗಳು ಬೇಕು, ನಾನು ಅದನ್ನು ಹೀಗಳೆಯುವುದಿಲ್ಲ. ಹಳೆಯ ಅಂಕಿಗೂ ಒಬ್ಬರು ಸಿಗಲಿ ಎಂಬುದು ನನ್ನ ಆಸೆ.

ದಾನವನ್ನೇ ನಂಬಿಕೊಂಡ ಸಂಸ್ಥೆಗೆ ಏನಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಅನಿಮಲ್ ಹೆಲ್ತ್ ಟ್ರಸ್ಟ್ ಸಾಕ್ಷಿ. ನ್ಯೂಮಾರ್ಕೆಟ್ ಹತ್ತಿರ ಇದ್ದ ಈ ಸಂಸ್ಥೆ ಶುರುವಾದದ್ದು 1942ರಲ್ಲಿ. ಕುದುರೆ, ನಾಯಿ, ಬೆಕ್ಕುಗಳ ರೋಗಗಳ ಬಗ್ಗೆ, ನಾಯಿಗಳ ವಂಶಪಾರಂಪರ್ಯ ಕಾಯಿಲೆ ಮತ್ತು ಕ್ಯಾನ್ಸರ್ ಬಗ್ಗೆ ಅಲ್ಲಿ ದೊಡ್ಡ ಕೆಲಸ ನಡೆದಿತ್ತು. ರಾಜಮನೆತನದ ಆಶ್ರಯವೂ ಇತ್ತು. ಮೊದಲೇ ಕೈ ಬಿಗಿಯಾಗಿತ್ತು, ಕೋವಿಡ್ ಬಂದು ದೇಣಿಗೆ ಎತ್ತುವ ದಾರಿಗಳೆಲ್ಲ ಮುಚ್ಚಿದವು. 2020ರ ಜುಲೈನಲ್ಲಿ ಸಂಸ್ಥೆ ಬಾಗಿಲು ಹಾಕಿತು. 78 ವರ್ಷದ ಸಂಸ್ಥೆ ಕೆಲವೇ ತಿಂಗಳಲ್ಲಿ ಮುಗಿದುಹೋಯಿತು. ವಂಶವಾಹಿ ವಿಭಾಗದವರು ಮುಂದೆ ಕೆನೆಲ್ ಕ್ಲಬ್ಬಿನ ನೆರವಿನಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡುಕೊಂಡರು, ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಕಟ್ಟಡದ ಮೇಲೆ ದಾನಿಗಳ ಹೆಸರು ಬರೆಸುವ ಹಣ ಬೇಗ ಸಿಗುತ್ತದೆ. ಶೀತಕದ ವಿದ್ಯುತ್ ಬಿಲ್ಲಿಗೆ, ತಂತ್ರಜ್ಞರ ಸಂಬಳಕ್ಕೆ ಸಿಗುವುದಿಲ್ಲ. “ನನ್ನ ದುಡ್ಡು ಒಂದು ಪೈಸೆಯೂ ಆಡಳಿತಕ್ಕೆ ಹೋಗಬಾರದು” ಎಂದು ಷರತ್ತು ಹಾಕುವ ದಾನಿಗಳನ್ನು ನಾನು ಕಂಡಿದ್ದೇನೆ. ಶೀತಕ ಒಂದು ರಾತ್ರಿ ಆರಿದರೆ ಹತ್ತು ವರ್ಷದ ರಕ್ತ ನೀರಾಗುತ್ತದೆ, ಆ ಬಿಲ್ಲೂ ಆಡಳಿತದ ಲೆಕ್ಕದಲ್ಲೇ ಬರುತ್ತದೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹಣ ಇಲ್ಲವೆಂದಲ್ಲ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂದು ಹೇಳುವ ಏಳನೇ ಅನುಸೂಚಿಯಲ್ಲಿ ಪ್ರಾಣಿಗಳ ಕ್ಷೇಮವೂ ಇದೆ, ಸರ್ಕಾರಿ ವಿಶ್ವವಿದ್ಯಾಲಯಗಳ ಸಂಶೋಧನೆಯೂ ಇದೆ. ಎರಡೂ ಕೂಡುವ ಜಾಗದಲ್ಲಿ ಪಶುವೈದ್ಯಕೀಯ ಕಾಲೇಜು ನಿಂತಿದೆ, ಕೇಳುವವರು ಕಡಿಮೆ. ವೈಯಕ್ತಿಕವಾಗಿ ಕೊಡುವವರು ದೇಣಿಗೆಗೆ ಸಿಗುವ 80ಜಿ ಆದಾಯ ತೆರಿಗೆ ರಿಯಾಯಿತಿ ಇದೆಯೇ ಎಂದು ವಿಚಾರಿಸುತ್ತೀರಿ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದು ಸಿಗುವುದಿಲ್ಲ, ಅದನ್ನು ನಂಬಿ ಕೊಡಬೇಡಿ.

ಹಣಕ್ಕಿಂತ ಮೊದಲು ನಮಗೆ ಬೇಕಿರುವುದು ಲೆಕ್ಕ. ಬೆಂಗಳೂರಿನಲ್ಲಿ ಮನುಷ್ಯರ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆಯುತ್ತಿದೆ. ಯಾವ ಕ್ಯಾನ್ಸರ್ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಅದನ್ನು ನೋಡಿ ಹೇಳಬಹುದು. ಕ್ಯಾಲಿಫೋರ್ನಿಯಾದ ಅಲಮೀಡ ಜಿಲ್ಲೆಯಲ್ಲಿ ಪ್ರಾಣಿಗಳ ಗಡ್ಡೆಗಳ ನೋಂದಣಿ 1963ರಲ್ಲೇ ಶುರುವಾಯಿತು. ಸ್ವಿಟ್ಜರ್ಲೆಂಡಿನವರು 1955ರಿಂದ 2008ರವರೆಗಿನ ನಾಯಿಗಳ ಗಡ್ಡೆಗಳ ವರದಿಗಳನ್ನು ಒಂದೆಡೆ ಜೋಡಿಸಿದ್ದಾರೆ. ನಮ್ಮಲ್ಲಿ ಗಡ್ಡೆಗಳು ಬರುವ ರೀತಿಯನ್ನು ಹೇಳುತ್ತೇನೆ ಕೇಳಿ. ಒಂದು ಸಲ ಉಪ್ಪಿನಕಾಯಿ ಬಾಟಲಿಯಲ್ಲಿ ಗಡ್ಡೆಯೊಂದು ಬಂತು. ಮೇಲಿನ ಚೀಟಿಯಲ್ಲಿ ಬರೆದದ್ದು ‘ನಾಯಿ, ಗಡ್ಡೆ’ ಎಂದಷ್ಟೇ. ವಯಸ್ಸಿಲ್ಲ, ಲಿಂಗವಿಲ್ಲ, ಮೈಯ ಯಾವ ಭಾಗದಿಂದ ತೆಗೆದದ್ದು ಎಂದಿಲ್ಲ. ಹಾಕುವಾಗ ಮೆತ್ತಗಿದ್ದ ಗಡ್ಡೆ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿ ಗಟ್ಟಿಯಾಗಿ ಬಾಟಲಿಯ ಕಿರಿದಾದ ಬಾಯಿಯಿಂದ ಹೊರಗೆ ಬರಲೊಲ್ಲದು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಡೆಯಬೇಕಾಯಿತು. ಕತ್ತರಿಸಿದರೆ ಒಳಭಾಗ ಕೊಳೆತಿತ್ತು, ಯಾಕೆಂದರೆ ಫಾರ್ಮಲಿನ್ ಗಡ್ಡೆಯ ಹತ್ತು ಪಟ್ಟಾದರೂ ಇರಬೇಕು, ಅಲ್ಲಿದ್ದದ್ದು ಗಡ್ಡೆ ಮುಳುಗುವಷ್ಟು ಮಾತ್ರ. ಒಂದು ನಾಯಿ ಶಸ್ತ್ರಚಿಕಿತ್ಸೆಯ ನೋವು ತಿಂದಿತ್ತು, ಮನೆಯವರು ಖರ್ಚು ಮಾಡಿದ್ದರು, ನಮಗೆ ತಿಳಿದದ್ದು ಏನೂ ಇಲ್ಲ. ಇದನ್ನು ಸರಿಮಾಡಲು ಕೋಟಿಗಟ್ಟಲೆ ರೂಪಾಯಿ ಬೇಡ.

ನನ್ನದೊಂದು ಪ್ರಸ್ತಾಪವಿದೆ, ಇದನ್ನು ಅಲ್ಲಲ್ಲಿ ಹೇಳುತ್ತಲೇ ಬಂದಿದ್ದೇನೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ನಾಯಿಗಳಿಗೆಂದು ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ತಳಿಯ ದಾಖಲೆ, ಮರಿಗಳನ್ನು ಪಡೆದವರ ವಿಳಾಸ ಇಂಥ ಕಡೆಯಲ್ಲಿ ಸಿಗುತ್ತವೆ. ಗೋಲ್ಡನ್‌ಗಳಿಗೆ ಅಮೆರಿಕದವರು ಮಾಡಿದ್ದನ್ನು ಚಿಕ್ಕ ಪ್ರಮಾಣದಲ್ಲಿ ಮುಧೋಳ ನಾಯಿಗಳಿಗೆ ಮಾಡಬಹುದು. ಮೂರು ಸಾವಿರ ಬೇಡ, ಮುನ್ನೂರು ಸಾಕು. ವರ್ಷಕ್ಕೊಮ್ಮೆ ರಕ್ತ, ವರ್ಷಕ್ಕೊಮ್ಮೆ ಪ್ರಶ್ನಾವಳಿ, ಸತ್ತಾಗ ಮರಣೋತ್ತರ ಪರೀಕ್ಷೆ. ಆ ಉದ್ದ ಕಾಲಿನ ಬೇಟೆನಾಯಿಗೆ ಮೂಳೆಯ ಕ್ಯಾನ್ಸರ್ ಎಷ್ಟು ಬರುತ್ತದೆ ಎಂಬ ಸರಳ ಪ್ರಶ್ನೆಯಿಂದಲೇ ಶುರುಮಾಡಬಹುದು. ಈ ಸಭೆಯಲ್ಲಿರುವವರು ತಿಂಗಳಿಗೆ ನೂರು ರೂಪಾಯಿಯಂತೆ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಹಾಗೆ ಬರೆದುಕೊಟ್ಟರೆ ಒಂದು ಶೀತಕದ ಖರ್ಚು ನಡೆಯುತ್ತದೆ. ಒಮ್ಮೆಗೇ ಹತ್ತು ಸಾವಿರ ಕೊಡುವವರಿಗಿಂತ ನನಗೆ ನೂರು ರೂಪಾಯಿಯವರು ಹೆಚ್ಚು ಬೇಕು.

ಹಣ ಕೇಳಿ ಬರುವವರಿಗೆ ನೀವು ಕೇಳಬೇಕಾದ ಪ್ರಶ್ನೆಗಳೂ ಇವೆ. ಇದು ಒಂದು ನಾಯಿಯ ಚಿಕಿತ್ಸೆಗೋ, ಸಂಶೋಧನೆಗೋ? ಎರಡೂ ಒಳ್ಳೆಯದೇ, ಆದರೆ ಬೇರೆ ಬೇರೆ. ಮೊಬೈಲಿನಲ್ಲಿ ಬರುವ ಮನವಿಗಳಲ್ಲಿ ಎರಡನ್ನೂ ಕಲಸಿರುತ್ತಾರೆ. ಸಂಶೋಧನೆಗೆ ಎಂದರೆ ಯಾವ ಪ್ರಶ್ನೆ, ಯಾವ ಪ್ರಯೋಗಾಲಯ, ಅನುಮೋದನೆ ಕೊಟ್ಟ ನೈತಿಕ ಸಮಿತಿ ಯಾವುದು, ಮಾದರಿ ಎಲ್ಲಿ ಉಳಿಯುತ್ತದೆ, ಫಲಿತಾಂಶ ಸಪ್ಪೆಯಾಗಿದ್ದರೂ ಪ್ರಕಟಿಸುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಿ ಒಂದು ಚೀಟಿ ಕಳುಹಿಸಿದ್ದಾರೆ. “ನಮ್ಮದು ಬೀದಿಯಿಂದ ತಂದ ನಾಯಿ, ತಳಿ ಯಾವುದೆಂದು ಗೊತ್ತಿಲ್ಲ, ಅದರ ಗಡ್ಡೆಯಿಂದ ನಿಮಗೇನು ಉಪಯೋಗ?” ಬಹಳ ಉಪಯೋಗವಿದೆ ತಾಯಿ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಚ್ಚಿನದು ಯುರೋಪು, ಅಮೆರಿಕದ ತಳಿಗಳ ಲೆಕ್ಕ. ನಮ್ಮ ನಾಡನಾಯಿಯ ಲೆಕ್ಕ ಅದರಲ್ಲಿಲ್ಲ. ಶಸ್ತ್ರಚಿಕಿತ್ಸೆ ಆದ ದಿನ ಗಡ್ಡೆಯನ್ನು ಎಸೆಯಬೇಡಿ, ಪರೀಕ್ಷೆಗೆ ಕಳುಹಿಸಿ ಎಂದು ವೈದ್ಯರಿಗೆ ಹೇಳಿ. ಅಗಲ ಬಾಯಿಯ ಡಬ್ಬಿ ನೀವೇ ಒಯ್ಯಿರಿ. ಚೀಟಿಯಲ್ಲಿ ಅಂದಾಜು ವಯಸ್ಸು, ಗಂಡೋ ಹೆಣ್ಣೋ, ಸಂತಾನಹರಣ ಆಗಿದ್ದರೆ ಯಾವಾಗ, ಗಡ್ಡೆ ಎಲ್ಲಿತ್ತು, ಎಷ್ಟು ದಿನದಿಂದ ಇತ್ತು, ಊರು ಯಾವುದು, ಏನು ತಿನ್ನುತ್ತದೆ ಎಂದು ಬರೆಯಿರಿ. ತಳಿ ಎಂಬ ಕಡೆ ‘ನಾಡನಾಯಿ’ ಎಂದೇ ಬರೆಯಿರಿ, ಖಾಲಿ ಬಿಡಬೇಡಿ.